ಡ್ರೈ ಸಂಪ್ ಹಾಕೋ ಆಸೆ ಇದ್ರೆ ಮೊದಲು ಟ್ಯಾಂಕ್‌ಗೆ ಜಾಗ ನೋಡಿ

ಡ್ರೈ ಸಂಪ್ ಅಂದ್ರೆ ಇಂಜಿನ್ ಆಯಿಲನ್ನ ಕೆಳಗಿನ ಚೇಂಬರಲ್ಲಿ ನಿಲ್ಲೋಕೆ ಬಿಡದೆ ಬೇರೆ ಟ್ಯಾಂಕಲ್ಲಿ ಇಡೋ ವ್ಯವಸ್ಥೆ. ಗೋಣಿಕೊಪ್ಪ ಕಡೆ ಆಟೋಕ್ರಾಸ್‌ಗೆ (ಮಣ್ಣಿನ ಟ್ರ್ಯಾಕಲ್ಲಿ ನಡಿಯೋ ಕಾರ್ ರೇಸ್) ಗಾಡಿ ರೆಡಿ ಮಾಡೋ ಹುಡುಗ್ರು ವರ್ಕ್‌ಶಾಪಿಗೆ ಬಂದ್ರೆ ಕೇಳೋದು ಒಂದೇ, "ಅಣ್ಣಾ, ಪಂಪ್ ಮೂರು ಸ್ಟೇಜ್ ಸಾಕಾ ನಾಲ್ಕು ಬೇಕಾ?" ಸ್ಟೇಜ್ ಅಂದ್ರೆ ಒಟ್ಟಿಗೆ ಜೋಡಿಸಿದ ಪಂಪುಗಳಲ್ಲಿ ಒಂದೊಂದು. ನಾನು ತಿರುಗಿ ಕೇಳ್ತೇನೆ, ಆಯಿಲ್ ಟ್ಯಾಂಕ್ ಎಲ್ಲಿ ಇಡ್ತೀರಿ? ಹೆಚ್ಚಿನವ್ರು ಅದನ್ನ ಯೋಚ್ನೆನೇ ಮಾಡಿರಲ್ಲ. ಅಲ್ಲೇ ದುಡ್ಡು ಹಾಳಾಗೋದು.

ಮಾಮೂಲಿ ಇಂಜಿನ್ನಲ್ಲಿ ಆಯಿಲ್ ಕೆಳಗಿನ ಚೇಂಬರಲ್ಲೇ ನಿಂತಿರ್ತದೆ. ಟಾರ್ ಮೇಲೆ ಒಳ್ಳೆ ಟಯರ್ ಹಾಕ್ಕೊಂಡು 1 ಜಿ ಫೋರ್ಸಲ್ಲಿ, ಅಂದ್ರೆ ಗಾಡಿ ತೂಕದಷ್ಟೇ ಬಲ ಅಡ್ಡಕ್ಕೆ ಬೀಳೋ ಹಾಗೆ, ತಿರುವು ತಗೊಂಡ್ರೆ ಆಯಿಲ್ ಮೇಲ್ಮೈ 45 ಡಿಗ್ರಿ ವಾಲ್ತದೆ, ಪಿಕಪ್ ಬಾಯಿ (ಪಂಪ್ ಆಯಿಲ್ ಎಳಿಯೋ ಪೈಪಿನ ತುದಿ) ಗಾಳಿಗೆ ಬಿತ್ತು ಅಂದ್ರೆ ಪ್ರೆಶರ್ ಹೋಯ್ತು. ಮಣ್ಣಿನ ಟ್ರ್ಯಾಕಲ್ಲಿ ಅಷ್ಟು ಗ್ರಿಪ್ ಇರಲ್ಲ ನಿಜ, ಆದ್ರೆ ಜಂಪ್, ಬ್ರೇಕಿಂಗ್, ಏರು ಎಲ್ಲಾ ಸೇರಿ ಅದೇ ಕೆಲಸ ಮಾಡ್ತವೆ. ಮೊದಲು ಪೆಟ್ಟು ತಿನ್ನೋದು ಸಾಮಾನ್ಯವಾಗಿ ಕನೆಕ್ಟಿಂಗ್ ರಾಡ್ ಬೇರಿಂಗು. ಬಿಚ್ಚಿ ನೋಡಿದ್ರೆ ಮೇಲಿನ ಬೂದು ಪದರ ಅಳಿಸಿಹೋಗಿ ಕೆಳಗಿನ ತಾಮ್ರದ ಬಣ್ಣ ಕಾಣ್ತಿರ್ತದೆ, ಡ್ರೈನ್ ಮಾಡಿದ ಆಯಿಲನ್ನ ಬಿಸಿಲಿಗೆ ಹಿಡಿದ್ರೆ ಮಿಣುಕು ಪುಡಿ.

ಡ್ರೈ ಸಂಪಲ್ಲಿ ಚೇಂಬರ್‌ಗೆ ಬಿದ್ದ ಆಯಿಲನ್ನ ಸ್ಕ್ಯಾವೆಂಜ್ ಪಂಪ್ ಕೂಡ್ಲೇ ಎಳೆದು ಹೊರಗಿನ ಟ್ಯಾಂಕ್‌ಗೆ ಹಾಕ್ತದೆ, ಅಲ್ಲಿಂದ ಪ್ರೆಶರ್ ಪಂಪ್ ಇಂಜಿನ್‌ಗೆ ಕೊಡ್ತದೆ. ಹಳೇ ಕಾಸ್ಟ್ ಐರನ್ ಬುಲೆಟ್ ಓಡಿಸಿದವ್ರಿಗೆ ಇದು ಹೊಸದಲ್ಲ, ಅದೂ ಡ್ರೈ ಸಂಪೇ, ಕ್ರ್ಯಾಂಕ್‌ಕೇಸ್ ಒಳಗೇ ಆಯಿಲ್‌ಗೆ ಬೇರೆ ಖಾನೆ, ಕಳ್ಸೋಕೆ ಒಂದು ಪಂಪ್ ವಾಪಸ್ ಎಳಿಯೋಕೆ ಒಂದು.

ಈಗ ಟ್ಯಾಂಕ್ ವಿಷ್ಯ. ಸ್ಕ್ಯಾವೆಂಜ್ ಪಂಪ್ ತರೋದು ಬರೀ ಆಯಿಲ್ ಅಲ್ಲ, ಅರ್ಧಕ್ಕರ್ಧ ಗಾಳಿ ಸೇರಿದ ನೊರೆ, ಆ ಗಾಳಿ ಟ್ಯಾಂಕಲ್ಲೇ ಬಿಡಬೇಕು, ಇಲ್ಲಾಂದ್ರೆ ನೊರೆನೇ ತಿರುಗಿ ಬೇರಿಂಗ್‌ಗೆ ಹೋಗಿ ನೀವು ಖರ್ಚು ಮಾಡಿದ್ದು ಪೂರ್ತಿ ವ್ಯರ್ಥ. ಅದಕ್ಕೇ ಟ್ಯಾಂಕ್ ಉದ್ದಕ್ಕೆ, ಸಪೂರವಾಗಿ ಇರಬೇಕು, ಎತ್ತರ ಅಗಲದ ಎರಡು ಪಟ್ಟಾದ್ರೂ ಬೇಕು, ವಾಪಸ್ ಲೈನ್ ಮೇಲ್ಗಡೆ ಗೋಡೆ ಸವರ್ಕೊಂಡು ಸುತ್ತೋ ಹಾಗೆ ಒಳಗೆ ಬರಬೇಕು, ಒಳಗೆ ಬ್ಯಾಫಲ್ (ಆಯಿಲ್ ಓಲಾಡದ ಹಾಗೆ ತಡಿಯೋ ತಗಡು), ತುದಿಯಲ್ಲಿ ಗಾಳಿ ಹೊರಗೆ ಹೋಗೋಕೆ ಬ್ರೀದರ್, ಅದರಿಂದ ಬರೋ ಆಯಿಲ್ ಹಿಡಿಯೋಕೆ ಒಂದು ಕ್ಯಾಚ್ ಕ್ಯಾನ್. ಮೇಲಿನ ಮೂರನೇ ಒಂದು ಭಾಗ ಖಾಲಿ ಬಿಡಿ. ಡಿಕ್ಕಿಯಲ್ಲಿ ಜಾಗ ಇದೆ ಅಂತ ಅಗಲದ ಚೌಕ ಡಬ್ಬ ವೆಲ್ಡ್ ಮಾಡಿಸ್ಬೇಡಿ ದಯವಿಟ್ಟು. ಟ್ಯಾಂಕಿನ ಔಟ್‌ಲೆಟ್ ಪಂಪ್‌ಗಿಂತ ಮೇಲಿದ್ರೆ ಆಯಿಲ್ ತಾನಾಗೇ ಇಳೀತದೆ.

ಟ್ಯಾಂಕ್ ಆಮೇಲೆ ಚೇಂಬರ್. ಜಿಪ್ಸಿಯಲ್ಲಿ ಇಂಜಿನ್ ಉದ್ದಕ್ಕೆ ಕೂತಿದೆ, ಏರು ಹತ್ತುವಾಗ ಆಯಿಲ್ ಎಲ್ಲಾ ಹಿಂದೆ, ಬ್ರೇಕ್ ಹಿಡಿದ್ರೆ ಮುಂದೆ. ಪೋಲೋ, ಸ್ವಿಫ್ಟಲ್ಲಿ ಇಂಜಿನ್ ಅಡ್ಡಕ್ಕೆ, ಅಲ್ಲಿ ಇಂಜಿನ್ ಉದ್ದಕ್ಕೆ ಆಯಿಲ್ ಓಡಿಸೋದು ತಿರುವು. ಎರಡರಲ್ಲೂ ಎರಡು ತುದಿಗೆ ಒಂದೊಂದು ಪಿಕಪ್ ಬೇಕು, ಅಂದ್ರೆ ಎರಡು ಸ್ಕ್ಯಾವೆಂಜ್, ಒಂದು ಪ್ರೆಶರ್, ಸಣ್ಣ ನಾಲ್ಕು ಸಿಲಿಂಡರ್‌ಗೆ ಮೂರು ಸ್ಟೇಜ್ ಸಾಕು ಅಂತ ನಾನು ಹೇಳೋದು ಇದೇ ಲೆಕ್ಕದಲ್ಲಿ. ಟರ್ಬೋ ಇದ್ದು ಅದರ ಆಯಿಲ್ ಎಳಿಯೋಕೆ ಇನ್ನೊಂದು ಬೇಕಾದ್ರೆ ಮಾತ್ರ ನಾಲ್ಕು. ಎಳಿಯೋ ಸಾಮರ್ಥ್ಯ ಕಳ್ಸೋದಕ್ಕಿಂತ ಯಾವಾಗ್ಲೂ ಜಾಸ್ತಿ ಇರಲಿ, ಗಾಳಿನೂ ಅದೇ ಎಳಿಬೇಕಲ್ಲ.

ಪಂಪ್ ಹಲ್ಲಿನ ಬೆಲ್ಟಲ್ಲಿ ತಿರುಗ್ತದೆ, ಕ್ರ್ಯಾಂಕಿನ ಸುಮಾರು ಅರ್ಧ ಸ್ಪೀಡಲ್ಲಿ. ನಮ್ಮ ಕೆಂಪು ಮಣ್ಣು, ಗದ್ದೆ ಕೆಸರು, ಜಲ್ಲಿ ಇರೋ ಕಡೆ ಈ ಬೆಲ್ಟನ್ನ ಬರಿಮೈಯಲ್ಲಿ ಬಿಡೋ ಹಾಗೇ ಇಲ್ಲ. ಹಲ್ಲಿನ ಮಧ್ಯೆ ಒಂದು ಕಲ್ಲು ಸಿಕ್ಕಿ ಬೆಲ್ಟ್ ಹಾರಿದ್ರೆ ಪ್ರೆಶರ್ ಸೊನ್ನೆ. ಅಲ್ಯೂಮಿನಿಯಂ ಗಾರ್ಡ್, ಡ್ಯಾಶಲ್ಲಿ ಕಣ್ಣಿಗೆ ಹೊಡಿಯೋ ಹಾಗೆ ವಾರ್ನಿಂಗ್ ಲೈಟ್, ಎರಡೂ ಬೇಕೇ ಬೇಕು.

ಲೈನಲ್ಲಿ ಉಳಿತಾಯ ಬೇಡ. ಟ್ಯಾಂಕಿಂದ ಪಂಪ್‌ಗೆ ಬರೋದು ಎಎನ್ 12 ಸೈಜಿನ ಹೋಸ್, ಅಂದ್ರೆ ಮುಕ್ಕಾಲು ಇಂಚಿನ ಲೆಕ್ಕದ್ದು, ಅದಕ್ಕಿಂತ ಸಣ್ಣದು ಬೇಡ. ಎಳಿಯೋ ಕಡೆ ಮೆತ್ತನೆ ರಬ್ಬರ್ ಹೋಸ್ ಹಾಕಿದ್ರೆ ಬಿಸಿಯಾದಾಗ ಒಳಗೇ ಅಪ್ಪಚ್ಚಿ ಆಗ್ತದೆ, ಹೊರಗಿಂದ ಗೊತ್ತೂ ಆಗಲ್ಲ. ಪ್ರತಿ ಸ್ಕ್ಯಾವೆಂಜ್ ಲೈನ್‌ಗೆ ಅದರದ್ದೇ ಜಾಲರಿ ಫಿಲ್ಟರ್ ಹಾಕಿಸಿ, ಯಾವ ಜಾಲರಿಯಲ್ಲಿ ಪುಡಿ ಸಿಕ್ತು ಅಂತ ನೋಡಿದ್ರೆ ಇಂಜಿನ್ ಯಾವ ತುದಿಯಲ್ಲಿ ಸವೀತಿದೆ ಅಂತ ಬಿಚ್ಚದೇನೇ ಅಂದಾಜು ಸಿಗ್ತದೆ.

ಇಷ್ಟೆಲ್ಲಾ ಓದಿ ಖರ್ಚು ಜಾಸ್ತಿ ಅನ್ಸಿದ್ರೆ, ತೋಟದ ದಾರಿಯಲ್ಲಿ ಓಡಿಸೋ ಗಾಡಿಗೆ, ವಾರಾಂತ್ಯದ ಆಟೋಕ್ರಾಸ್‌ಗೆ, ಚೇಂಬರ್ ಒಳಗೆ ಬ್ಯಾಫಲ್ ಮತ್ತೆ ಒಂದೇ ಕಡೆ ತೆರಿಯೋ ಬಾಗಿಲು ಹಾಕಿಸಿದ್ರೆ ಹೆಚ್ಚಿನಂಶ ಸಾಕಾಗ್ತದೆ, ನಾನೇ ಎಷ್ಟೋ ಜನಕ್ಕೆ ಅದನ್ನೇ ಹೇಳಿ ಕಳ್ಸಿದ್ದೀನಿ. ರೇಸಿಗೆ ಇಳಿಯೋರು ನಿಮ್ಮ ಕ್ಲಾಸಿನ ನಿಯಮದಲ್ಲಿ ಡ್ರೈ ಸಂಪ್‌ಗೆ ಅವಕಾಶ ಇದ್ಯಾ ಅಂತ ಪಾರ್ಟ್ಸ್ ತರೋಕೆ ಮುಂಚೆ ನೋಡ್ಕೊಳ್ಳಿ.

ಹಾಕಿದ ಮೇಲೆ ಬೆಲ್ಟ್ ತೆಗ್ದು ಪಂಪನ್ನ ಡ್ರಿಲ್ ಮೆಷಿನಲ್ಲಿ ತಿರುಗ್ಸಿ, ಗೇಜಲ್ಲಿ ಪ್ರೆಶರ್ ಬಂದ ಮೇಲೇನೇ ಸ್ಟಾರ್ಟ್ ಮಾಡಿ. ಜುಲೈ ತಿಂಗಳ ಬೆಳಗ್ಗೆ ಮಡಿಕೇರಿ ಚಳಿಗೆ ಆಯಿಲ್ ದಪ್ಪ ಆಗಿರ್ತದೆ, ಬಿಸಿ ಆಗೋ ತನಕ ರೇಸ್ ಕೊಡ್ಬೇಡಿ. ಲೆವೆಲ್ ನೋಡೋದು ಇಂಜಿನ್ ಬಿಸಿಯಾಗಿ ಓಡ್ತಿರುವಾಗ್ಲೇ, ಯಾಕಂದ್ರೆ ವಾರಗಟ್ಲೆ ನಿಲ್ಸಿದ ಗಾಡಿಯಲ್ಲಿ ಆಯಿಲ್ ಪಂಪಿನ ಸಂದಿಯಿಂದ ಮೆಲ್ಲಗೆ ಇಂಜಿನ್‌ಗೆ ಇಳಿದಿರ್ತದೆ, ಟ್ಯಾಂಕ್ ಕಮ್ಮಿ ತೋರಿಸ್ತದೆ, ಅದನ್ನ ನೋಡಿ ಮತ್ತೆ ಎರಡು ಲೀಟರ್ ಸುರಿದ್ರೆ ಸ್ಟಾರ್ಟ್ ಆದ ಮೇಲೆ ಬ್ರೀದರಿಂದ ಎಲ್ಲಾ ಹೊರಗೆ.