ಹೋರಿಯ ಅಂಕಿ, ಕರುವಿನ ತೂಕ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹೋರಿ ಕೊಳ್ಳುವವರು ಬಾಯಿ ತೆರೆಸಿ ಹಲ್ಲು ನೋಡುತ್ತಾರೆ, ಸುಳಿ ಹುಡುಕುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಮಾಂಸಕ್ಕಾಗಿ ದನ ಸಾಕುವ ರೈತನೂ ಬೀಜದ ಹೋರಿಯ ಮೈಕಟ್ಟು ನೋಡದೆ ದುಡ್ಡು ಬಿಚ್ಚುವುದಿಲ್ಲ. ಆದರೆ ಅವನ ಕೈಯಲ್ಲಿ ಹರಾಜಿನ ಪುಸ್ತಿಕೆಯೊಂದು ಇರುತ್ತದೆ. ಅದರಲ್ಲಿ ಪ್ರತಿ ಹೋರಿಯ ಹೆಸರಿನ ಮುಂದೆ ಅಂಕಿಗಳ ಸಾಲು: ಹುಟ್ಟಿದಾಗಿನ ತೂಕಕ್ಕೊಂದು, ಹಾಲು ಬಿಡಿಸುವಾಗಿನ ತೂಕಕ್ಕೊಂದು, ವರ್ಷ ತುಂಬಿದಾಗಿನ ತೂಕಕ್ಕೊಂದು. ಇವಕ್ಕೆ ಅಲ್ಲಿ ಇಪಿಡಿ ಎನ್ನುತ್ತಾರೆ. ನಿರೀಕ್ಷಿತ ಸಂತತಿ ವ್ಯತ್ಯಾಸ ಎಂದು ಅರ್ಥ.

ಆ ಹೆಸರಿನಲ್ಲಿರುವ ‘ವ್ಯತ್ಯಾಸ’ವನ್ನು ಮರೆತರೆ ಲೆಕ್ಕವೆಲ್ಲ ತಲೆಕೆಳಗು. ಒಂದು ಹೋರಿಗೆ ಹಾಲು ಬಿಡಿಸುವ ತೂಕದಲ್ಲಿ +60, ಅದೇ ತಳಿಯ ಇನ್ನೊಂದಕ್ಕೆ +40 ಇದೆ ಎನ್ನೋಣ. ಮೊದಲನೆಯದರ ಕರು ಎಷ್ಟು ತೂಗುತ್ತದೆ ಎಂಬುದನ್ನು ಆ 60 ಹೇಳುವುದಿಲ್ಲ. ಒಂದೇ ಬಗೆಯ ಹಸುಗಳಿಗೆ ಎರಡನ್ನೂ ಬಿಟ್ಟು, ಕರುಗಳನ್ನು ಒಂದೇ ಹುಲ್ಲುಗಾವಲಿನಲ್ಲಿ ಬೆಳೆಸಿದರೆ ಮೊದಲನೆಯದರ ಕರುಗಳು ಸರಾಸರಿ 20 ಪೌಂಡ್, ಅಂದರೆ ಸುಮಾರು 9 ಕಿಲೋ, ಹೆಚ್ಚು ತೂಗಬೇಕು. ಹೇಳುವುದು ಅಷ್ಟೇ. ಒಂದೇ ಹೋರಿಯ ಕರುಗಳ ನಡುವೆಯೇ ನೂರು ಪೌಂಡಿನ ಅಂತರವಿದ್ದರೂ ಯಾರೂ ಹುಬ್ಬೇರಿಸುವುದಿಲ್ಲ. ದನಕ್ಕೆ 30 ಜೊತೆ ವರ್ಣತಂತುಗಳು. ಪ್ರತಿ ಜೊತೆಯಿಂದ ಯಾವುದೋ ಒಂದು ಕರುವಿಗೆ ಹೋಗುತ್ತದೆ. ಆ ಆಯ್ಕೆಗಳಷ್ಟನ್ನೇ ಎಣಿಸಿದರೂ ಒಂದು ಹೋರಿಯ ವೀರ್ಯಾಣುಗಳಲ್ಲಿ 107 ಕೋಟಿಗೂ ಹೆಚ್ಚು ಬಗೆ.

ಈ ಅಂಕಿ ಹುಟ್ಟುವುದು ತಕ್ಕಡಿಯಿಂದ. ಕರುಗಳೆಲ್ಲ ಒಂದೇ ದಿನ ಹುಟ್ಟುವುದಿಲ್ಲವಾದ್ದರಿಂದ ಅವುಗಳ ತೂಕವನ್ನು 205 ದಿನಕ್ಕೆ ಸರಿಹೊಂದಿಸುತ್ತಾರೆ. ಹುಟ್ಟಿದಾಗ 36 ಕಿಲೋ ಇದ್ದ ಕರು 190ನೆಯ ದಿನ 226 ಕಿಲೋ ತೂಗಿತು ಎನ್ನಿ. ದಿನಕ್ಕೆ ಒಂದು ಕಿಲೋ ಬೆಳೆದಿದೆ. 205 ದಿನಕ್ಕೆ ಅದರ ಲೆಕ್ಕ 241. ತಾಯಿ ಚೊಚ್ಚಲಾಗಿದ್ದರೆ ಹಾಲು ಕಡಿಮೆ, ಆದ್ದರಿಂದ ಇನ್ನಷ್ಟು ಸೇರಿಸಬೇಕು. ಆಮೇಲೆ ಆ ಕರುವನ್ನು ಜೊತೆಗೆ ಬೆಳೆದವುಗಳೊಂದಿಗೆ ಮಾತ್ರ ಹೋಲಿಸುತ್ತಾರೆ. ಹಾಗಾದರೆ ದೂರದ ಎರಡು ಊರುಗಳ ಹೋರಿಗಳನ್ನು ತೂಗುವುದು ಹೇಗೆ? ನೆಂಟಸ್ತಿಕೆಯೆಲ್ಲವನ್ನೂ, ಊರೂರಿನ ಮೇವು-ಹವೆಯನ್ನೂ ಒಂದೇ ಸಮೀಕರಣ ಸಮೂಹದಲ್ಲಿ ಬಿಡಿಸುವ ದಾರಿಯನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೆಂಡರ್ಸನ್ ತೋರಿಸಿದರು. ಅವರು ತಲೆ ಕೆಡಿಸಿಕೊಂಡಿದ್ದು ಹಾಲಿನ ಹಸುಗಳ ಬಗ್ಗೆ. ಲಾಭ ಮಾಂಸದ ದನಗಳಿಗೂ ದಕ್ಕಿತು.

ತೊಡಕು ಇರುವುದು ಮಿಶ್ರತಳಿಯಲ್ಲಿ. ಹೋರಿಯ ಅಂಕಿ ಬಹುಮಟ್ಟಿಗೆ ಶುದ್ಧ ತಳಿಯ ಕರುಗಳಿಂದ ಬಂದದ್ದು. ಅದನ್ನು ಕೊಳ್ಳುವವನ ಕೊಟ್ಟಿಗೆಯಲ್ಲಿ ಮಾತ್ರ ಆಂಗಸ್-ಹೆರೆಫೋರ್ಡ್ ಬೆರಕೆ ಹಸುಗಳು. ಬೆರಕೆಯ ಕರುಗಳು ಅಪ್ಪ-ಅಮ್ಮನ ತಳಿಗಳ ಸರಾಸರಿಯನ್ನು ಮೀರಿ ಬೆಳೆಯುತ್ತವೆ. ಹೈಬ್ರಿಡ್ ಜೋಳ ಬೆಳೆದವರಿಗೆ ಈ ಹುರುಪು ಹೊಸತೇನಲ್ಲ. ಈ ಗದ್ದಲದಲ್ಲಿ ಅಪ್ಪನ ಅಂಕಿ ಉಳಿಯುತ್ತದೆಯೇ?

ನೆಬ್ರಾಸ್ಕಾದ ಕ್ಲೇ ಸೆಂಟರ್‌ನಲ್ಲಿರುವ ಸರ್ಕಾರಿ ಸಂಶೋಧನಾ ಕೇಂದ್ರ ಇದನ್ನು ತೂಗಿಯೇ ನೋಡಿತು. (ಎರಡನೆಯ ಮಹಾಯುದ್ಧದಲ್ಲಿ ಅಲ್ಲಿ ನೌಕಾಪಡೆಯ ಮದ್ದುಗುಂಡುಗಳ ಕೋಠಿಯಿತ್ತು, ಈಗ ದನ ಮೇಯುತ್ತವೆ.) ಹಲವು ತಳಿಗಳ ಹೋರಿಗಳಿಂದ ಅಲ್ಲಿ ಸಾವಿರಾರು ಬೆರಕೆ ಕರುಗಳು ಹುಟ್ಟಿದವು. ಅಪ್ಪನ ಅಂಕಿ ಒಂದು ಪೌಂಡ್ ಏರಿದರೆ ಕರುವಿನ ತೂಕವೂ ಒಂದು ಪೌಂಡ್ ಏರಬೇಕು. ಏರಿದ್ದೂ ಹೆಚ್ಚುಕಡಿಮೆ ಅಷ್ಟೇ. ಕಾರಣ ಸರಳ: ಒಂದೇ ತಳಿಯ ಎರಡು ಹೋರಿಗಳನ್ನು ಅವೇ ಹಸುಗಳಿಗೆ ಬಿಟ್ಟರೆ ಹುರುಪಿನ ಲಾಭ ಎರಡೂ ಕಡೆಯ ಕರುಗಳಿಗೆ ಸಮನಾಗಿ ಸಿಗುತ್ತದೆ, ಕಳೆಯುವಾಗ ಅದು ಹಾರಿಹೋಗುತ್ತದೆ. ಆಂಗಸ್ ಹೋರಿಯ ಪಕ್ಕದಲ್ಲಿ ಶಾರೊಲೆ ಹೋರಿ ನಿಲ್ಲಿಸಿದಾಗ ಈ ಸಮತೋಲ ತಪ್ಪುತ್ತದೆ. ಹುರುಪೂ ಬೇರೆ, ಎರಡು ತಳಿಗಳು ಸೊನ್ನೆ ಎಂದು ಕರೆಯುವ ಬಿಂದುವೂ ಬೇರೆ. ಅದಕ್ಕಾಗಿ ಆ ಕೇಂದ್ರ 1990ರ ದಶಕದಿಂದ ಆಂಗಸ್ ಅನ್ನು ಸೊನ್ನೆಯಾಗಿಟ್ಟು, ಉಳಿದ ತಳಿಗಳಿಗೆ ಎಷ್ಟು ಕೂಡಬೇಕು, ಎಷ್ಟು ಕಳೆಯಬೇಕು ಎಂಬ ಪಟ್ಟಿಯನ್ನು ಪ್ರಕಟಿಸುತ್ತಿದೆ. ಹುರುಪಿನ ಲೆಕ್ಕ ಆ ಪಟ್ಟಿಯಲ್ಲಿ ಬರುವುದಿಲ್ಲ. ಅದನ್ನು ರೈತ ಬೇರೆಯಾಗಿಯೇ ಹಾಕಿಕೊಳ್ಳಬೇಕು.

ಮೇವು ಸಾಲದಿದ್ದರೆ ಎರಡು ಹೋರಿಗಳ ಕರುಗಳ ನಡುವಿನ ತೂಕದ ಅಂತರ ಕುಗ್ಗುತ್ತದೆ. ಬೆಳೆಯುವ ತಾಕತ್ತು ವಂಶವಾಹಿಯಲ್ಲಿದ್ದರೂ ಹೊಟ್ಟೆಗೆ ಬೀಳದೆ ಮೈಗೆ ಹತ್ತುವುದಿಲ್ಲ. ಬೆಳವಣಿಗೆಯ ಅಂಕಿ ಏರಿದಂತೆ ಹುಟ್ಟುವ ಕರುವೂ ದಪ್ಪಗಾಗುವ ಒಲವಿರುವುದರಿಂದ, ಮೊದಲ ಸಲ ಈಯುವ ಕಡಸುಗಳಿಗೆ ಹೋರಿ ಹುಡುಕುವವನು 60ನ್ನು ಬಿಟ್ಟು ಜನನ ತೂಕದ ಕಡೆಗೇ ಮೊದಲು ಕಣ್ಣು ಹಾಯಿಸುತ್ತಾನೆ.

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎನ್ನುವ ನಮಗೆ ಹರಾಜಿನ ಪುಸ್ತಿಕೆಯ ಇನ್ನೊಂದು ಅಂಕಿ ತಮಾಷೆಯಾಗಿ ಕಂಡೀತು. ಹೋರಿಗೂ ಹಾಲಿನ ಅಂಕಿಯಿದೆ! ಅದನ್ನು ಲೀಟರುಗಳಲ್ಲಿ ಬರೆಯುವುದಿಲ್ಲ, ಏಕೆಂದರೆ ಆ ಹಸುಗಳನ್ನು ಯಾರೂ ಕರೆಯುವುದಿಲ್ಲ. ಹೋರಿಯ ಹೆಣ್ಣುಮಕ್ಕಳು ತಮ್ಮ ಕರುಗಳಿಗೆ ಕುಡಿಸಿದ ಹಾಲು, ಆ ಮೊಮ್ಮಕ್ಕಳ ಮೈಮೇಲೆ ಎಷ್ಟು ಪೌಂಡ್ ಆಗಿ ನಿಂತಿತು ಎಂಬುದೇ ಅಜ್ಜನ ಹಾಲಿನ ಲೆಕ್ಕ.