ನಲವತ್ತು ಸೆಕೆಂಡಿನ ಮುಳುಗಡೆ

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ, ಮಲೆನಾಡಿನ ಅರಣ್ಯ ಒತ್ತುವರಿ ಕುರಿತ ಸುದ್ದಿವಾಹಿನಿಯೊಂದರ ಚರ್ಚೆಗೆ ಕುಳಿತಿದ್ದೆ. ಕುಳಿತದ್ದು ಬೆಂಗಳೂರಿನ ಸ್ಟುಡಿಯೋದಲ್ಲಲ್ಲ, ಸಾಗರದ ನನ್ನ ಮನೆಯ ಜಗಲಿಯ ಮೂಲೆಯಲ್ಲಿ. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಹಂಚಿನ ಮೇಲೆ ಮಳೆ ಬಡಿಯುತ್ತಿತ್ತು. ‘ಸದ್ದು ಕಡಿಮೆ ಮಾಡಿ ಸರ್’ ಎಂದು ಕಿವಿಯೊಳಗೆ ಯಾರೋ ಗದರುತ್ತಿದ್ದರು. ಮಳೆಗೆ ಯಾರು ಹೇಳಬೇಕು?

ಮರುದಿನ ಬೆಳಿಗ್ಗೆ ನನ್ನ ಹಳೆಯ ಕಕ್ಷಿದಾರರೊಬ್ಬರು ಕಚೇರಿಗೆ ಬಂದರು. ಕಂಕುಳಲ್ಲಿ ಯಾವಾಗಿನಂತೆ ಕಾಗದಪತ್ರಗಳ ಪ್ಲಾಸ್ಟಿಕ್ ಕೊಟ್ಟೆ. “ವಕೀಲರೇ, ನಿನ್ನೆ ‘ಕಾಡುಗಳ್ಳರಿಗೆ ಹಕ್ಕುಪತ್ರವೇ?’ ಎಂದು ಬರೆದ ಹಲಗೆಯ ಮೇಲೆ ಕೂತಿದ್ದಿರಲ್ಲ” ಎಂದರು. ಪರದೆಯ ಕೆಳಗೆ ಅಂಥದೊಂದು ಸಾಲು ಓಡುತ್ತಿತ್ತೆಂದು ನನಗೆ ಗೊತ್ತಾದದ್ದೇ ಆಗ. ದೂರದಿಂದ ಭಾಗವಹಿಸುವವರಿಗೆ ಪರದೆ ಕಾಣುವುದಿಲ್ಲ. ಧ್ವನಿಯೂ ಒಂದೆರಡು ಸೆಕೆಂಡು ತಡವಾಗಿ ಬರುತ್ತದೆ. ನಾವು ಬಾಯಿ ತೆರೆಯುವಷ್ಟರಲ್ಲಿ ಸ್ಟುಡಿಯೋದಲ್ಲಿರುವವರು ಮುಂದಿನ ಜಗಳಕ್ಕೆ ಹೋಗಿರುತ್ತಾರೆ.

ನನ್ನ ತಪ್ಪೂ ಇತ್ತು. ನಲವತ್ತು ಸೆಕೆಂಡು ಕೊಟ್ಟಾಗ, ನ್ಯಾಯಾಲಯದ ರೂಢಿಯಂತೆ “1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ” ಎಂದು ಆರಂಭಿಸಿದೆ. ಅಲ್ಲಿ ಮೊದಲು ಸಂಗತಿ, ಆಮೇಲೆ ಕಾನೂನು, ಕೊನೆಗೆ ಪ್ರಾರ್ಥನೆ, ಅಂದರೆ ನಮ್ಮ ಕೋರಿಕೆ. ಟಿವಿಯಲ್ಲಿ ಪ್ರಾರ್ಥನೆಯೇ ಮೊದಲ ವಾಕ್ಯವಾಗಬೇಕು. “ಇತಿಹಾಸ ಬೇಡ ಸರ್, ಒತ್ತುವರಿ ಸರಿಯೋ ತಪ್ಪೋ ಹೇಳಿ” ಎಂದು ನಿರೂಪಕರು ತಡೆದರು. ಅಷ್ಟರಲ್ಲಿ ಜಾಹೀರಾತು ಬಂತು.

ಆದರೆ ಇತಿಹಾಸ ಬಿಟ್ಟು ಹೇಳುವುದಾದರೂ ಹೇಗೆ? ಮಲೆನಾಡಿನಲ್ಲಿ ‘ಒತ್ತುವರಿ’ ಎಂಬ ಒಂದು ಪದದ ಕೆಳಗೆ ಹಲವು ಬಗೆಯ ಜನರಿದ್ದಾರೆ. ಕಂದಾಯ ಭೂಮಿಯಲ್ಲಿ ಸಾಗುವಳಿ ಮಾಡಿ, ಅದನ್ನು ಸಕ್ರಮ ಮಾಡಿಕೊಡಿ ಎಂದು ನಮೂನೆ 50, 53, 57ರಲ್ಲಿ ಕಾಲಕಾಲಕ್ಕೆ ಅರ್ಜಿ ಹಾಕಿದ ಬಗರ್ ಹುಕುಂ ರೈತರಿದ್ದಾರೆ. ತೋಟಕ್ಕೆ ಸೊಪ್ಪು ತರಲು ಸೊಪ್ಪಿನ ಬೆಟ್ಟವನ್ನು ಬಳಸುವ ಅಡಿಕೆ ತೋಟದವರಿದ್ದಾರೆ. ನಿಜಕ್ಕೂ ಗುಡ್ಡವನ್ನೇ ನುಂಗಿದವರೂ ಇದ್ದಾರೆ, ಅವರ ಪರವಾಗಿ ನಾನು ಮಾತಾಡುವುದಿಲ್ಲ. ಇನ್ನು ಮುಳುಗಡೆಯವರು. ಲಿಂಗನಮಕ್ಕಿ ಕಟ್ಟೆಯಿಂದ ಶರಾವತಿಯ ನೀರು ಏರಿದಾಗ ನನ್ನ ಕಕ್ಷಿದಾರರ ತಂದೆಯನ್ನು ಸಾಮಾನಿನ ಸಮೇತ ತಂದು ಕಾಡಂಚಿನಲ್ಲಿ ಇಳಿಸಿದರು. ಜಾಗ ತೋರಿಸಿದ್ದು ಸರ್ಕಾರವೇ. ದಾಖಲೆಯಲ್ಲಿ ಮಾತ್ರ ಅದು ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಅದನ್ನು ಬಿಡಿಸಲು ಕೇಂದ್ರದ ಪೂರ್ವಾನುಮತಿಯೇ ಬೇಕಾಯಿತು.

ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ ಎನ್ನಬಹುದು. 2006ರ ಆ ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದವರು 13 ಡಿಸೆಂಬರ್ 2005ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸ ತೋರಿಸಬೇಕು. 1964ರಿಂದ ಎಣಿಸಿದರೆ 41 ವರ್ಷ. ಅದಕ್ಕೂ ಹಿಂದಿನ ಸಾಕ್ಷ್ಯವೆಲ್ಲ ನೀರಿನಡಿ ಇದೆ. ಚರ್ಚೆಯಲ್ಲಿ ನಾನು ಹೇಳಬೇಕಿದ್ದದ್ದು ಈ ಲೆಕ್ಕ ಒಂದನ್ನೇ.

ಈಗ ಯಾರೇ ಕರೆದರೂ ಪರದೆಯ ಶೀರ್ಷಿಕೆ ಏನೆಂದು ಮೊದಲು ಕೇಳುತ್ತೇನೆ. ಹಲವರು ಮತ್ತೆ ಕರೆ ಮಾಡುವುದಿಲ್ಲ.

ಅಂದು ಆ ಹಿರಿಯ ಕಕ್ಷಿದಾರರಿಗೆ, ಅಂಥ ಶೀರ್ಷಿಕೆಯ ವಿರುದ್ಧ ದೂರು ಕೊಡುವ ದಾರಿಯನ್ನೂ ವಿವರಿಸಿದೆ. ಕೇಬಲ್ ಟೆಲಿವಿಷನ್ ಜಾಲಗಳ ನಿಯಮಗಳು, 1994ರ 6ನೇ ನಿಯಮ ಮಾನಹಾನಿಯನ್ನಷ್ಟೇ ಅಲ್ಲ, ಅರ್ಧಸತ್ಯವನ್ನೂ ನಿಷೇಧಿಸುತ್ತದೆ. ಪ್ರಸಾರದ ದಿನಾಂಕ, ಸಮಯ, ಆಕ್ಷೇಪವಿರುವ ಮಾತು ಇವಿಷ್ಟನ್ನು ಬರೆದು ಮೊದಲು ವಾಹಿನಿಗೇ ಕಳಿಸಬೇಕು. 2021ರ ತಿದ್ದುಪಡಿಯಂತೆ ಅವರು ಹದಿನೈದು ದಿನಗಳಲ್ಲಿ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ವಾಹಿನಿಗಳದೇ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ.

“ಹದಿನೈದೇ ದಿನವೇ?” ಎಂದು ಅವರು ಕೇಳಿದರು. ಕೊಟ್ಟೆಯಿಂದ ಮಡಿಕೆಗಳಲ್ಲಿ ಹರಿದ ಒಂದು ಕಾಗದ ತೆಗೆದರು. ನಮೂನೆ 53ರ ಸ್ವೀಕೃತಿ, 1999ರದು. ಮೇಜಿನ ಮೇಲೆ ಅದನ್ನು ಸವರಿ ನೇರ ಮಾಡಿ ಹೇಳಿದರು: “ಹಾಗಾದರೆ ಇದನ್ನೂ ಟಿವಿಯವರಿಗೇ ಕಳಿಸಿ.”