ಹಳೇ ಫ್ರಿಜ್‌ಗೆ ಬಿಯರ್ ನಲ್ಲಿ: ತೂತು ಎಲ್ಲಿ ಕೊರೆಯಬೇಕು?

ಪ್ರಶ್ನೆ: ಮನೆಯಲ್ಲೇ ಬಿಯರ್ ಮಾಡುತ್ತೇನೆ. ಮೂಲೆಯಲ್ಲಿರುವ ಹಳೇ ಫ್ರಿಜ್ ಒಳಗೆ ಕೆಗ್ (ಬಿಯರ್ ತುಂಬುವ ಲೋಹದ ಪೀಪಾಯಿ) ಇಟ್ಟು, ಹೊರಗೆ ನಲ್ಲಿ ಕೂರಿಸುವ ಆಸೆ. ಪಕ್ಕದ ಗೋಡೆಗೆ ತೂತು ಕೊರೆದರೆ ನನಗೆ ಅನುಕೂಲ. ಕೊರೆಯಬಹುದಾ?

ಉತ್ತರ: ಬೇಡ. ಬಾಗಿಲಿಗೆ ಕೊರೆಯಿರಿ.

ಎಷ್ಟೋ ಫ್ರಿಜ್‌ಗಳಲ್ಲಿ ಬಿಸಿ ಗ್ಯಾಸ್ ಹರಿಯುವ ಸಣ್ಣ ಕೊಳವೆಗಳು ಪಕ್ಕದ ತಗಡಿನ ಹಿಂದೆಯೇ ಇರುತ್ತವೆ. ಫ್ರಿಜ್ ಓಡುವಾಗ ಪಕ್ಕ ಬೆಚ್ಚಗಾಗುತ್ತಲ್ವಾ, ಅದು ಇದೇ ಬಿಸಿ. ಹಿಂದುಗಡೆ ಕಪ್ಪು ಜಾಲರಿ ಕಾಣುತ್ತಿದೆ, ಹಾಗಾಗಿ ಪಕ್ಕದಲ್ಲಿ ಏನೂ ಇರಲಿಕ್ಕಿಲ್ಲ ಅಂತ ಧೈರ್ಯ ಮಾಡಬೇಡಿ, ಯಾಕೆಂದರೆ ಬಾಗಿಲು ಕೂರುವ ಚೌಕಟ್ಟಿನಲ್ಲಿ ನೀರು ಬೆವರದಿರಲಿ ಅಂತ ಅದರ ಸುತ್ತಲೂ ಒಂದು ಕೊಳವೆ ಓಡಿಸಿರುವುದುಂಟು. ಡ್ರಿಲ್ ಒಂದು ಸಲ ತಾಗಿತೋ, ಗ್ಯಾಸ್ ಎಲ್ಲಾ ಹೋಗಿ ಫ್ರಿಜ್ ಕಥೆ ಮುಗಿಯಿತು. ಕಂಪ್ರೆಸರ್ ಹತ್ತಿರದ ಚೀಟಿಯಲ್ಲಿ ಆರ್600ಎ ಅಂತ ಇದ್ದರೆ ಇನ್ನೂ ಹುಷಾರು. ಅದು ಐಸೋಬ್ಯುಟೇನ್, ಬೆಂಕಿ ಹತ್ತಿಕೊಳ್ಳುವ ಗ್ಯಾಸ್.

ಬಾಗಿಲಲ್ಲಿ ಹೊರಗೆ ತಗಡು, ನಡುವೆ ಫೋಮ್, ಒಳಗೆ ಪ್ಲಾಸ್ಟಿಕ್, ಅಷ್ಟೇ. ಡಿಸ್‌ಪ್ಲೇ ಅಥವಾ ನೀರಿನ ನಲ್ಲಿ ಇರುವ ಬಾಗಿಲಾದರೆ ಮಾತ್ರ ವೈರು, ಪೈಪು ಎಲ್ಲಿ ಹಾದಿವೆ ಅಂತ ಮೊದಲು ಹುಡುಕಿ.

ಡ್ರಿಲ್ ಎತ್ತಿಕೊಳ್ಳುವ ಮುಂಚೆ ಕೆಗ್ ಒಳಗೆ ಹಿಡಿಸುತ್ತದಾ ನೋಡಿ. 19 ಲೀಟರ್ ಕೆಗ್ ಸುಮಾರು 22 ಸೆಂ.ಮೀ. ಅಗಲ, 60 ಸೆಂ.ಮೀ.ಗಿಂತ ಜಾಸ್ತಿ ಎತ್ತರ. ಅದೇ ಅಳತೆಯಲ್ಲಿ ರಟ್ಟನ್ನು ಸುತ್ತಿ ಒಳಗಿಟ್ಟು ಬಾಗಿಲು ಹಾಕಿ. ಕೆಳಗೆ ಕಂಪ್ರೆಸರ್ ಉಬ್ಬು, ಮುಂದೆ ಬಾಗಿಲ ತಟ್ಟೆಗಳು, ಇವೆರಡೇ ಅಡ್ಡ ಬರೋದು. ತಟ್ಟೆ ತೆಗೆಯಬಹುದು, ಉಬ್ಬನ್ನು ಏನೂ ಮಾಡಕ್ಕಾಗಲ್ಲ.

ಈಗ ಪ್ಲಗ್ ಕಿತ್ತು, ಜಾಗ ಗುರುತು ಮಾಡಿ, ಅದರ ಮೇಲೆ ಟೇಪ್ ಅಂಟಿಸಿ. ಮೊದಲು ಸಣ್ಣ ಬಿಟ್‌ನಿಂದ ಹೊರಗಿನಿಂದ ಒಳಕ್ಕೆ ನೇರ ತೂತು ಮಾಡಿ, ಬಾಗಿಲು ತೆಗೆದು ಅದು ಎಲ್ಲಿ ಹೊರಬಂದಿದೆ ನೋಡಿ. ಆಮೇಲೆ ಡ್ರಿಲ್‌ಗೆ ಹೋಲ್ ಸಾ (ದೊಡ್ಡ ಗುಂಡು ತೂತು ಕೊರೆಯುವ ಗರಗಸ) ಹಾಕಿ ತಗಡನ್ನು ಹೊರಗಿನಿಂದ, ಪ್ಲಾಸ್ಟಿಕ್ಕನ್ನು ಒಳಗಿನಿಂದ ಕೊರೆಯಿರಿ. ಒಂದೇ ಕಡೆಯಿಂದ ನುಗ್ಗಿಸಿದರೆ ಹಳೇ ಪ್ಲಾಸ್ಟಿಕ್ ಸೀಳಿಬಿಡುತ್ತದೆ. ಶ್ಯಾಂಕ್, ಅಂದರೆ ಬಾಗಿಲು ದಾಟಿ ಬಂದು ನಲ್ಲಿಯನ್ನು ಹಿಡಿದುಕೊಳ್ಳುವ ದಪ್ಪ ಕೊಳವೆ, ಸಾಮಾನ್ಯವಾಗಿ 25 ಮಿ.ಮೀ. ತೂತಿಗೆ ಸರಿಹೋಗುತ್ತದೆ. ನಿಮ್ಮದನ್ನು ಅಳೆದುಕೊಂಡೇ ಕೊರೆಯಿರಿ.

ತುಂಬಾ ಜನ ಮರೆಯುವ ಕೆಲಸ ಒಂದಿದೆ. ಫೋಮ್ ಮೆತ್ತಗಿರುತ್ತದೆ, ನಟ್ ಬಿಗಿ ಮಾಡುತ್ತಾ ಹೋದಂತೆ ತಗಡು ಒಳಕ್ಕೆ ಕುಸಿದು ನಲ್ಲಿ ವಾಲುತ್ತದೆ. ಅದಕ್ಕೇ ಒಳಗಿನ ಪ್ಲಾಸ್ಟಿಕ್ ಮತ್ತು ಫೋಮನ್ನು ಸ್ವಲ್ಪ ಅಗಲವಾಗಿ ತೆಗೆದು, ಬಾಗಿಲ ದಪ್ಪಕ್ಕೆ ಕತ್ತರಿಸಿದ ಪಿವಿಸಿ ಪೈಪಿನ ತುಂಡು ಕೂರಿಸಿ, ದೊಡ್ಡ ವಾಷರ್ ಹಾಕಿ ಬಿಗಿ ಮಾಡಿ. ಭಾರ ಎಲ್ಲಾ ಆ ತುಂಡಿನ ಮೇಲೆ ಕೂರುತ್ತದೆ. ಅಂಚಿಗೆ ಸಿಲಿಕೋನ್ ಮೆತ್ತಿ.

ಕೆಗ್‌ನಿಂದ ಬಿಯರನ್ನು ನಲ್ಲಿಗೆ ತಳ್ಳುವುದು ಕಾರ್ಬನ್ ಡೈಆಕ್ಸೈಡ್ ಗ್ಯಾಸ್. ಅದರ ಸಿಲಿಂಡರ್ ಚಿಕ್ಕದಾಗಿದ್ದರೆ ಆ ಉಬ್ಬಿನ ಮೇಲೆಯೇ ನೆಟ್ಟಗೆ ನಿಲ್ಲಿಸಿ, ಗ್ಯಾಸ್ ಪೈಪಿಗೆ ಬೇರೆ ತೂತು ಬೇಕಾಗಲ್ಲ. ಒತ್ತಡ ಇಳಿಸುವ ರೆಗ್ಯುಲೇಟರ್ ಇಲ್ಲದೆ ಜೋಡಿಸಲೇಬೇಡಿ. ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಬಂದರೆ ಸೋರುತ್ತಿದೆ ಅಂತ ಅರ್ಥ. ಮುಚ್ಚಿದ ಕೋಣೆಯಲ್ಲಿ ಈ ಗ್ಯಾಸ್ ತುಂಬಿಕೊಂಡರೆ ಜೀವಕ್ಕೇ ಅಪಾಯ.

ಬಿಯರ್ ಪೈಪನ್ನು ಸುಮ್ನೆ ಗಿಡ್ಡ ಮಾಡಬೇಡಿ. 3–4 ಡಿಗ್ರಿ ಸೆಲ್ಸಿಯಸ್, 10–12 ಪಿಎಸ್‌ಐ ಒತ್ತಡಕ್ಕೆ, ಒಳಗೆ 5 ಮಿ.ಮೀ. ಅಗಲದ ಪೈಪ್ ಸುಮಾರು 3 ಮೀಟರ್ ಇರಲಿ. ಗಿಡ್ಡವಾದರೆ ಲೋಟದ ತುಂಬಾ ನೊರೆಯೇ. ಉಳಿದ ಉದ್ದವನ್ನು ಸುರುಳಿ ಸುತ್ತಿ ಕೆಗ್ ಮೇಲೆ ಇಡಿ, ಬಾಗಿಲು ಪೂರ್ತಿ ತೆಗೆದಾಗಲೂ ಪೈಪ್ ಜಗ್ಗುವುದಿಲ್ಲ.